ದಾರಿಯಲ್ಲಿ ಕಳೆಯುವ ಹೊತ್ತಿಗೂ ಲೆಕ್ಕವಿರಲಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಇಪ್ಪತ್ತೆರಡು ವರ್ಷಗಳಿಂದ ಪದವಿ ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಅದರಲ್ಲಿ ಆರು ವರ್ಷ ಕಾಲೇಜಿನ ವೇಳಾಪಟ್ಟಿ ಸಿದ್ಧಪಡಿಸುವ ಹೊಣೆಯೂ ನನ್ನ ಮೇಲಿತ್ತು. ಯಾವ ಕೊಠಡಿ ಎಷ್ಟು ಹೊತ್ತಿಗೆ ಖಾಲಿಯಿರುತ್ತದೆ, ಯಾವ ಅಧ್ಯಾಪಕರಿಗೆ ಯಾವ ದಿನ ಬಿಡುವು ಬೇಕು, ಪ್ರಯೋಗಾಲಯದಲ್ಲಿ ಒಂದು ಬ್ಯಾಚಿಗೆ ಎಷ್ಟು ಮಂದಿ ಹಿಡಿಸುತ್ತಾರೆ ಎಂಬುದನ್ನೆಲ್ಲ ಲೆಕ್ಕಹಾಕಿ ಪಟ್ಟಿ ಮಾಡುತ್ತಿದ್ದ ನಾನು, ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಬೇಕೆಂದು ಯಾವ ನಿಯಮವೂ ಇರಲಿಲ್ಲ. ಅಂಥದೊಂದು ನಿಯಮ ಬರಬೇಕು ಎಂಬುದೇ ಈ ಪತ್ರದ ಮೂಲಕ ತಮ್ಮಲ್ಲಿ ನಾನು ಮಾಡುತ್ತಿರುವ ಬಿನ್ನಹ.

ಒಂದು ಮಧ್ಯಾಹ್ನದ ಪ್ರಯೋಗ ತರಗತಿಯ ಸಂಗತಿಯನ್ನು ಮೊದಲು ಹೇಳಬೇಕು. ಅಂದು ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಪ್ರಮಾಣ ಅಳೆಯುವ ಟೈಟ್ರೇಷನ್ ಪ್ರಯೋಗವಿತ್ತು. ಫ್ಲಾಸ್ಕಿನಲ್ಲಿ ಆಮ್ಲ, ಮೇಲೆ ನಲ್ಲಿಯಿರುವ ಗಾಜಿನ ಅಳತೆ ಕೊಳವೆಯಾದ ಬ್ಯೂರೆಟ್ಟಿನಲ್ಲಿ ಪ್ರತ್ಯಾಮ್ಲ, ಸೂಚಕವಾಗಿ ಎರಡು ಹನಿ ಫೀನಾಫ್ತಲೀನ್. ಕೊನೆಕೊನೆಗೆ ಒಂದೊಂದೇ ಹನಿ ಬಿಡಬೇಕು. ತೆಳು ಗುಲಾಬಿ ಬಣ್ಣ ಬಂದು ನಿಂತಿತೆಂದರೆ ಅದೇ ಅಂತ್ಯಬಿಂದು. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಮೊದಲ ಸಲದ ಅಳತೆಯನ್ನು ಬಹಳ ಚೊಕ್ಕವಾಗಿ ತೆಗೆದಳು. ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಗೋಡೆ ಗಡಿಯಾರ ನಾಲ್ಕು ದಾಟಿತ್ತು. ಅವಳು ಫ್ಲಾಸ್ಕನ್ನು ನೋಡುವುದಕ್ಕಿಂತ ಗಡಿಯಾರ ನೋಡಿದ್ದೇ ಹೆಚ್ಚು. ಬ್ಯೂರೆಟ್ಟಿನ ನಲ್ಲಿಯನ್ನು ತುಸು ಹೆಚ್ಚಾಗಿ ತಿರುಗಿಸಿಬಿಟ್ಟಳು. ದ್ರಾವಣ ಒಮ್ಮೆಲೇ ಕಡು ಗುಲಾಬಿಗೆ ತಿರುಗಿತು. ಮತ್ತೆ ಮಾಡಲು ಹೊತ್ತಿರಲಿಲ್ಲ. ಮೂರು ಸಲ ಅಳೆದಂತೆ ಮೊದಲ ಅಳತೆಯನ್ನೇ ಮೂರು ಸಾಲಿನಲ್ಲೂ ಬರೆದು ಸಹಿಗಾಗಿ ಪುಸ್ತಕ ಚಾಚಿದಳು. ನಾನು ಗದರಿದೆ. "ಸರ್, ನಾಲ್ಕೂ ಇಪ್ಪತ್ತರ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ. ಮನೆ ಸೇರುವಾಗ ಎಂಟೂವರೆ ಆಗುತ್ತದೆ" ಎಂದು ಅವಳು ತಲೆತಗ್ಗಿಸಿ ಹೇಳಿದಳು. ಆ ಪ್ರಯೋಗ ತರಗತಿಯನ್ನು ನಾಲ್ಕೂವರೆವರೆಗೆ ಇಟ್ಟವನು ನಾನೇ. ಎರಡು ಗಂಟೆಯ ಬದಲು ಒಂದೂವರೆಗೆ ಶುರುಮಾಡಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಕೊಠಡಿ ಆ ಅರ್ಧ ಗಂಟೆ ಖಾಲಿಯೇ ಇತ್ತು.

ಮನೆಯಿಂದ ಓಡಾಡಿಕೊಂಡು ಓದುವವರ ಬಗ್ಗೆ ಆಡಳಿತದಲ್ಲಿರುವ ನಾವು ಮಾತನಾಡುವುದು ಬಹುತೇಕ ಬಸ್ ಪಾಸಿನ ಸಂದರ್ಭದಲ್ಲಿ ಮಾತ್ರ. ಪಾಸು ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯ 1991ರಲ್ಲಿ ಕಡಿಮೆ ದರದ ಬಸ್ ಪಾಸು ಕೊಡುವ ಯು-ಪಾಸ್ ಎಂಬ ವ್ಯವಸ್ಥೆ ತಂದಿತು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಎಲ್ಲ ವಿದ್ಯಾರ್ಥಿಗಳೂ ಸ್ವಲ್ಪ ಸ್ವಲ್ಪ ಹಣ ಕೊಟ್ಟು ಎಲ್ಲರೂ ಬಳಸುವ ಸೆಮೆಸ್ಟರ್ ಟಿಕೆಟ್ ಹಬ್ಬಿದ್ದೂ ಆ ದಶಕದಲ್ಲೇ. ಆದರೆ ಪಾಸು ಉಳಿಸುವುದು ಹಣವನ್ನು, ಹೊತ್ತನ್ನಲ್ಲ. ಹೋಗಿಬರಲು ದಿನಕ್ಕೆ ಮೂರು ಗಂಟೆ ಹಿಡಿಯುವ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳೋಣ. ವರ್ಷಕ್ಕೆ 180 ದಿನ ತರಗತಿ ಎಂದಿಟ್ಟುಕೊಂಡರೆ ಅವನು ದಾರಿಯಲ್ಲಿ ಕಳೆಯುವುದು 540 ಗಂಟೆ. ವಾರಕ್ಕೆ ನಾಲ್ಕು ಗಂಟೆಯಂತೆ 16 ವಾರ ನಡೆಯುವ ಒಂದು ಪತ್ರಿಕೆಯ ಪಾಠಕ್ಕೆ ತಗಲುವುದು 64 ಗಂಟೆ. ಎಂದರೆ, ಎಂಟು ಪತ್ರಿಕೆಗಳ ಪಾಠ ಮುಗಿಸುವಷ್ಟು ಹೊತ್ತನ್ನು ಅವನು ಪ್ರತಿವರ್ಷ ಬಸ್ಸಿನಲ್ಲಿ ನಿಂತು, ನಿಲ್ದಾಣದಲ್ಲಿ ಕಾದು ಕಳೆಯುತ್ತಾನೆ. ದಾರಿಯಲ್ಲಿ ಓದಬಹುದಲ್ಲ ಎನ್ನುವವರಿದ್ದಾರೆ. ಕಂಬಿ ಹಿಡಿದು ನಿಂತವನಿಗೆ ಪುಸ್ತಕ ಹಿಡಿಯಲು ಇನ್ನೊಂದು ಕೈ ಸಿಗುವುದು ಸುಲಭವಲ್ಲ; ಸಿಕ್ಕರೂ ಆ ಕೈಯಲ್ಲಿ ಚೀಲವಿರುತ್ತದೆ.

ಈ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದು ತಮ್ಮ ಗಮನಕ್ಕೆ ಬರಬೇಕಾದ ಮುಖ್ಯ ವಿಷಯ. ಶಿಕ್ಷಣದಲ್ಲಿ ಸಮಾನ ಅವಕಾಶಕ್ಕಾಗಿ ದುಡಿಯುವ ಬ್ರಿಟನ್ನಿನ ಸಂಸ್ಥೆ ಸಟನ್ ಟ್ರಸ್ಟ್ 2018ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಅಲ್ಲಿ ಅತ್ಯಂತ ಕೆಳಗಿನ ಸಾಮಾಜಿಕ ವರ್ಗದ ವಿದ್ಯಾರ್ಥಿಗಳು ಮನೆಯಲ್ಲೇ ಇದ್ದು ಓಡಾಡುವ ಸಾಧ್ಯತೆ ಮೇಲಿನ ವರ್ಗದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದ ಬ್ರಿಟಿಷ್ ವಿದ್ಯಾರ್ಥಿಗಳು ಮನೆಯಲ್ಲೇ ಉಳಿದು ಹತ್ತಿರದಲ್ಲೇ ಓದುವ ಸಾಧ್ಯತೆ ಬಿಳಿಯ ವಿದ್ಯಾರ್ಥಿಗಳಿಗಿಂತ ಆರು ಪಟ್ಟಿಗೂ ಅಧಿಕ. ಶಿಕ್ಷಣ ಸಂಶೋಧಕ ಆರ್ಥರ್ ಚಿಕರಿಂಗ್ ಅಮೆರಿಕದ ವಿದ್ಯಾರ್ಥಿಗಳನ್ನು ಕುರಿತು 1974ರಲ್ಲೇ ತೋರಿಸಿಕೊಟ್ಟದ್ದೂ ಇದಕ್ಕೆ ಹೊಂದುತ್ತದೆ: ಹಾಸ್ಟೆಲಿನಲ್ಲಿ ಇರುವವರು ಮೊದಲೇ ಅನುಕೂಲಸ್ಥ ಮನೆಗಳಿಂದ ಬಂದಿರುತ್ತಾರೆ, ಕಾಲೇಜಿನ ದಿನಗಳಲ್ಲಿ ಅವರ ಮುನ್ನಡೆ ಇನ್ನಷ್ಟು ಹೆಚ್ಚುತ್ತದೆ, ಮನೆಯಿಂದ ಬರುವವರು ಹಿಂದೆ ಇದ್ದು ಮತ್ತೂ ಹಿಂದೆ ಬೀಳುತ್ತಾರೆ. ಅವರವರ ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಕಾಲೇಜು ಕೊಡಬಲ್ಲದ್ದರಲ್ಲಿ ಅರ್ಧದಷ್ಟು ಸಿಗುವುದು ಪಾಠ ಮುಗಿದ ಮೇಲೆ. ಗ್ರಂಥಾಲಯ, ಚರ್ಚೆ, ನಾಟಕ, ಆಟ, ಅಧ್ಯಾಪಕರೊಡನೆ ಕಾರಿಡಾರಿನಲ್ಲಿ ನಿಂತು ಆಡುವ ನಾಲ್ಕು ಮಾತು, ಇವೆಲ್ಲ ಇರುವುದು ಸಂಜೆಯಲ್ಲಿ. ಆ ಸಂಜೆಯೇ ಇವರ ಪಾಲಿಗೆ ಇಲ್ಲ. ಕೆನಡಾದ ಟೊರಾಂಟೊ ನಗರದ ನಾಲ್ಕು ವಿಶ್ವವಿದ್ಯಾಲಯಗಳು 2015ರಲ್ಲಿ ಒಟ್ಟಾಗಿ ಸಮೀಕ್ಷೆ ನಡೆಸಿದಾಗಲೂ, ಪ್ರಯಾಣದ ಅವಧಿ ಹೆಚ್ಚಿದಂತೆ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಚಟುವಟಿಕೆಗಳಲ್ಲಿ ಪಾಲ್ಗೊಳ್ಳುವುದು ಕಡಿಮೆಯಾಗುವುದು ಕಂಡುಬಂತು.

ಸಂಜೆ ಇಲ್ಲದವರಿಗೆ ನಾವು ನಡುಹಗಲನ್ನು ಹೇಗೆ ಕೊಟ್ಟಿದ್ದೇವೆ ಎಂಬುದನ್ನು ನೋಡಲು ಯಾವುದಾದರೂ ಕಾಲೇಜಿನ ಮೆಟ್ಟಿಲುಗಳ ಬಳಿ ಹೋದರೆ ಸಾಕು. ಬೆಳಿಗ್ಗೆ ಒಂದು ತರಗತಿ, ಮಧ್ಯಾಹ್ನ ಇನ್ನೊಂದು, ನಡುವೆ ಮೂರು ಗಂಟೆ ಖಾಲಿ. ಹತ್ತಿರದಲ್ಲಿರುವವರು ಕೋಣೆಗೆ ಹೋಗಿ ಬರುತ್ತಾರೆ. ದೂರದವರು ಎಲ್ಲಿಗೆ ಹೋಗಬೇಕು? ತರಗತಿ ಕೊಠಡಿಗೆ ಬೀಗ, ಗ್ರಂಥಾಲಯದೊಳಗೆ ಚೀಲ ಒಯ್ಯುವಂತಿಲ್ಲ, ಊಟದ ಡಬ್ಬಿ ತೆರೆಯುವಂತಿಲ್ಲ. ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ಕುಳಿತವರನ್ನು ನಾನು ವರ್ಷಗಟ್ಟಲೆ ದಾಟಿಕೊಂಡು ಹೋಗಿದ್ದೇನೆ. ಪ್ರಯೋಗಾಲಯದ ಬಿಳಿ ಕೋಟು, ರೆಕಾರ್ಡ್ ಪುಸ್ತಕಗಳು, ಕೊಡೆ, ಡಬ್ಬಿ, ನೀರಿನ ಬಾಟಲಿ ಎಲ್ಲವೂ ಒಂದೇ ಚೀಲದಲ್ಲಿ. ದಿನವಿಡೀ ಆ ಚೀಲ ಹೆಗಲಿನಿಂದ ಇಳಿಯುವುದಿಲ್ಲ, ಏಕೆಂದರೆ ಇಳಿಸಿಡಲು ಅವರದೆನ್ನುವ ಒಂದು ಗೂಡೂ ಕಾಲೇಜಿನಲ್ಲಿ ಇಲ್ಲ. ತಾನು ಇಲ್ಲಿ ಯಾರಿಗಾದರೂ ಲೆಕ್ಕಕ್ಕೆ ಬರುತ್ತೇನೆಯೇ ಎಂಬ ಪ್ರಶ್ನೆ ವಿದ್ಯಾರ್ಥಿಯ ಓದಿಗೆ ಎಷ್ಟು ಮುಖ್ಯವೆಂಬುದನ್ನು ನ್ಯಾನ್ಸಿ ಶ್ಲಾಸ್‌ಬರ್ಗ್ ಎಂಬ ವಿದ್ವಾಂಸೆ 1989ರಲ್ಲಿ ವಿವರಿಸಿದ್ದರು. ಮೆಟ್ಟಿಲ ಮೇಲೆ ಕುಳಿತವರಿಗೆ ಆ ಪ್ರಶ್ನೆಯ ಉತ್ತರ ಪ್ರತಿದಿನವೂ ಸಿಗುತ್ತಿರುತ್ತದೆ.

ಹಾಜರಾತಿಯ ವಿಷಯಕ್ಕೆ ಬರುತ್ತೇನೆ. ಹಾಜರಾತಿ ಬೇಡವೆಂದು ನಾನು ಹೇಳುತ್ತಿಲ್ಲ. ತರಗತಿಗೆ ಬಂದವರು ಕಲಿಯುತ್ತಾರೆ ಎಂಬ ನಂಬಿಕೆಯಿಂದಲೇ ಇಷ್ಟು ವರ್ಷ ಪಾಠ ಮಾಡಿದ್ದೇನೆ. ಆದರೆ ನಾನು ಕೆಲಸ ಮಾಡಿದ ಒಂದು ಕಡೆ, ಹಾಜರಾತಿ ಕೊರತೆಯವರ ಪಟ್ಟಿಯನ್ನು ಫಲಕಕ್ಕೆ ಹಚ್ಚಿದಾಗ, ಅದರಲ್ಲಿದ್ದ ಬಹುಪಾಲು ಹೆಸರುಗಳು ಬೆಳಗಿನ ಮೊದಲ ಅವಧಿಯ ಪತ್ರಿಕೆಗೆ ಸೇರಿದ್ದವು. ಅವರು ಕಾಲೇಜಿಗೆ ಬಂದವರೇ. ಹದಿನೈದು ನಿಮಿಷ ತಡವಾಗಿ ಬಂದದ್ದರಿಂದ ಬಾಗಿಲ ಹೊರಗೆ ಉಳಿದವರು. ಬಸ್ಸು ತಡವಾದದ್ದಕ್ಕೆ ದಂಡ ತೆತ್ತವರು ಬಸ್ಸಿನಲ್ಲಿ ಕುಳಿತಿದ್ದವರು. ಆ ಪಟ್ಟಿಯಲ್ಲಿದ್ದ ಒಬ್ಬ ಹುಡುಗ ಪರೀಕ್ಷೆಗೆ ಕೂರಲಾಗದೆ ಒಂದು ವರ್ಷ ಕಳೆದುಕೊಂಡ, ಆಮೇಲೆ ಮರಳಿ ಬರಲಿಲ್ಲ. ಅವನ ಪರವಾಗಿ ಒಂದು ಮಾತು ಬರೆದುಕೊಡುವ ಅವಕಾಶ ನನಗಿತ್ತು, ಬರೆಯಲಿಲ್ಲ. ಆ ಬೇಸರ ಇಂದಿಗೂ ಹೋಗಿಲ್ಲ.

ಬೇಗ ಏಳಬಾರದೇಕೆ ಎಂದು ಹಿರಿಯರು ಕೇಳುವುದುಂಟು. ಇದಕ್ಕೆ ದೇಹಧರ್ಮದ ಉತ್ತರವೊಂದಿದೆ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯರ ನಿದ್ರೆಯ ವೇಳೆ ಹದಿಹರೆಯದುದ್ದಕ್ಕೂ ತಡವಾಗುತ್ತಾ ಹೋಗಿ, ಸುಮಾರು 20ನೆಯ ವಯಸ್ಸಿನಲ್ಲಿ ಅತ್ಯಂತ ತಡದ ಹಂತ ಮುಟ್ಟಿ, ಆಮೇಲೆ ಮತ್ತೆ ಮುಂಚಿನ ಹೊತ್ತಿಗೆ ಸರಿಯುತ್ತದೆ. ನಮ್ಮ ಪದವಿ ವಿದ್ಯಾರ್ಥಿಗಳು ಇರುವುದು ಸರಿಯಾಗಿ ಆ ವಯಸ್ಸಿನಲ್ಲಿ. ಎಂಟು ಗಂಟೆಯ ತರಗತಿಗೆ ಐದಕ್ಕೆ ಏಳುವ ಹುಡುಗಿ ಹತ್ತಕ್ಕೇ ಮಲಗಿದರೂ ನಿದ್ರೆ ಬೇಗ ಹತ್ತುವುದಿಲ್ಲ. ಮೊದಲ ಅವಧಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟವರನ್ನು ನಾನೀಗ ಎಬ್ಬಿಸಿ ನಿಲ್ಲಿಸುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ದಾರಿ ಎಂಬುದು ಕೇವಲ ದೂರದ ಲೆಕ್ಕವಲ್ಲ. ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಾಲೇಜು ಆಯ್ಕೆಯನ್ನೂ ಅವರ ಪ್ರಯಾಣದ ಮಾರ್ಗಗಳನ್ನೂ ಜೊತೆಗಿಟ್ಟು ಪರಿಶೀಲಿಸಿದರು. ದಾರಿ ಸುರಕ್ಷಿತ ಎನಿಸುವುದಾದರೆ, ಅತ್ಯುತ್ತಮ ಐದನೇ ಒಂದು ಭಾಗದ ಕಾಲೇಜುಗಳನ್ನು ಬಿಟ್ಟು ಗುಣಮಟ್ಟದಲ್ಲಿ ಕೆಳಗಿನ ಅರ್ಧದಲ್ಲಿರುವ ಕಾಲೇಜನ್ನು ಆರಿಸಿಕೊಳ್ಳಲೂ ವಿದ್ಯಾರ್ಥಿನಿಯರು ಸಿದ್ಧರಿರುವುದು ಅವರಿಗೆ ಕಂಡುಬಂತು. ಅಂಕಗಳಿಂದ ಗಳಿಸಿದ ಸೀಟನ್ನು ರಸ್ತೆಯಲ್ಲಿನ ಕಿರುಕುಳದ ಭಯ ಕಸಿದುಕೊಳ್ಳುತ್ತದೆ ಎಂದರೆ, ಅದು ತಮ್ಮ ಇಲಾಖೆಯ ವ್ಯಾಪ್ತಿಗೆ ಸೇರದ ವಿಷಯವೆಂದು ಸಾರಿಗೆಯವರಿಗೂ ಪೊಲೀಸರಿಗೂ ಬಿಟ್ಟುಬಿಡುವಂಥದ್ದಲ್ಲ. ಕತ್ತಲಾಗುವ ಮುನ್ನ ಕೊನೆಯ ತರಗತಿ ಮುಗಿಸುವುದು ಪೂರ್ತಿಯಾಗಿ ಕಾಲೇಜಿನ ಕೈಯಲ್ಲಿದೆ.

ಇಷ್ಟು ಹೇಳಿದ್ದರಿಂದ, ಎಲ್ಲರನ್ನೂ ಹಾಸ್ಟೆಲಿಗೆ ಸೇರಿಸಿಬಿಟ್ಟರೆ ಆಯಿತಲ್ಲ ಎಂದು ತಮಗೆ ಅನ್ನಿಸಬಹುದು. ಬೇಕಾದವರಿಗೆ ಹಾಸ್ಟೆಲು ಸಿಗಲೇಬೇಕು. ಆದರೆ ಮನೆಯಲ್ಲಿದ್ದು ಓದುವುದು ಒಂದು ಕೊರತೆ ಎಂದು ಭಾವಿಸುವುದು ತಪ್ಪು. ಅಜ್ಜಿಯ ಔಷಧಿಯ ಹೊತ್ತು ನೋಡಿಕೊಳ್ಳುವವರು, ತಮ್ಮನಿಗೆ ಲೆಕ್ಕ ಹೇಳಿಕೊಡುವವರು, ರಜೆಯ ದಿನ ಅಂಗಡಿಯಲ್ಲೋ ಹೊಲದಲ್ಲೋ ಕೈಜೋಡಿಸುವವರು ನನ್ನ ತರಗತಿಗಳಲ್ಲಿದ್ದಾರೆ. ಮನೆಯ ಆಸರೆ ಅವರಿಗೆ ಬೇಕು, ಅವರ ಆಸರೆ ಮನೆಗೂ ಬೇಕು. ಸಾಲವಿಲ್ಲದೆ ಪದವಿ ಮುಗಿಸಲು ಎಷ್ಟೋ ಕುಟುಂಬಗಳಿಗೆ ಇರುವ ದಾರಿ ಇದೊಂದೇ. ಅವರನ್ನು ಮನೆಯಿಂದ ಬಿಡಿಸುವುದರ ಬದಲು ಕಾಲೇಜಿನ ದಿನವನ್ನು ಅವರಿಗೆ ಹೊಂದುವಂತೆ ಮಾಡುವುದು ಕಡಿಮೆ ಖರ್ಚಿನದ್ದು, ಹೆಚ್ಚು ನ್ಯಾಯವಾದದ್ದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓಡಾಡುವ ವಿದ್ಯಾರ್ಥಿಗಳ ಅಗತ್ಯಗಳಿಗೆಂದೇ ಒಂದು ರಾಷ್ಟ್ರೀಯ ಮಾಹಿತಿ ಕೇಂದ್ರ 1972ರಲ್ಲಿ ಆರಂಭವಾಯಿತು. ಅರ್ಧ ಶತಮಾನದ ಹಿಂದೆಯೇ ಇದೊಂದು ಪ್ರತ್ಯೇಕ ಕೆಲಸವೆಂದು ಗುರುತಿಸಿದವರಿದ್ದರು.

ಆದ್ದರಿಂದ ತಮ್ಮಲ್ಲಿ ನಾನು ಕೇಳುವುದು ಮೊದಲಿಗೆ ಒಂದು ಎಣಿಕೆಯನ್ನು. ಪ್ರವೇಶದ ಅರ್ಜಿಯಲ್ಲಿ ವಿಳಾಸವಿರುತ್ತದೆ, ದೂರವಿರುವುದಿಲ್ಲ. ಮನೆಯಿಂದ ಕಾಲೇಜಿಗೆ ಯಾವ ವಾಹನ, ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು, ಸಂಜೆ ಮರಳಲು ಕೊನೆಯ ಬಸ್ಸೋ ರೈಲೋ ಎಷ್ಟು ಗಂಟೆಗೆ ಎಂಬ ಮೂರು ಅಂಕಣಗಳನ್ನು ಸೇರಿಸಲು ಒಂದು ಸುತ್ತೋಲೆ ಸಾಕು. ಆ ಮಾಹಿತಿ ಕೈಯಲ್ಲಿದ್ದರೆ ವೇಳಾಪಟ್ಟಿ ಮಾಡುವವರು ಒಂದೇ ತರಗತಿಗಾಗಿ ವಿದ್ಯಾರ್ಥಿಯನ್ನು ಮೂರು ಗಂಟೆ ಓಡಾಡಿಸುವ ದಿನಗಳನ್ನು ತಪ್ಪಿಸಬಹುದು, ಪಾಠಗಳನ್ನು ನಾಲ್ಕು ದಿನಕ್ಕೆ ಒತ್ತಾಗಿ ಜೋಡಿಸಿ ಐದನೆಯ ದಿನವನ್ನು ಮನೆಯಲ್ಲಿ ಓದಲು ಬಿಡಬಹುದು, ಪ್ರಯೋಗ ತರಗತಿಯನ್ನು ಬಸ್ಸಿಗೆ ಮುಂಚೆ ಮುಗಿಸಬಹುದು. ಸಾರಿಗೆ ಅಧಿಕಾರಿಗಳ ಜೊತೆ ಕುಳಿತು ಒಂದು ಬಸ್ಸನ್ನು ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡಿಸಲು ಪ್ರಾಂಶುಪಾಲರ ಬಳಿ ಆಗ ಒಂದು ಅಂಕಿಯಾದರೂ ಇರುತ್ತದೆ; ಈಗ ಅವರು ಕೈಮುಗಿದು ಕೇಳಬೇಕಷ್ಟೆ.

ಎರಡನೆಯದಾಗಿ, ವಾಹನ ತಡವಾಗಿ ಬಂದದ್ದು ಖಚಿತವಾದಲ್ಲಿ ಮೊದಲ ಅವಧಿಯ ಹಾಜರಾತಿ ನೀಡುವ ಅಧಿಕಾರ ಆಯಾ ಅಧ್ಯಾಪಕರಿಗೆ ಇರಲಿ. ಹಾಗೆಯೇ ಪ್ರತಿ ಕಾಲೇಜಿನಲ್ಲಿ ಬೀಗವಿಲ್ಲದ ಒಂದು ಕೊಠಡಿ, ಅದರಲ್ಲಿ ಕುರ್ಚಿ ಮೇಜುಗಳು, ಚೀಲ ಇಡಲು ಗೂಡುಗಳು, ಫೋನ್ ಚಾರ್ಜ್ ಮಾಡಲು ಪ್ಲಗ್ ಇರುವುದನ್ನು ಮಾನ್ಯತೆ ನೀಡುವ ಸಮಿತಿಗಳು ಪರಿಶೀಲಿಸಲಿ. ಕಟ್ಟಡದ ಚದರಡಿಯನ್ನೂ ಪುಸ್ತಕಗಳ ಸಂಖ್ಯೆಯನ್ನೂ ಎಣಿಸುವ ಆ ಸಮಿತಿಗಳು, ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ದೂರದ ವಿದ್ಯಾರ್ಥಿಗಳು ಎಲ್ಲಿ ಕುಳಿತಿರುತ್ತಾರೆ ಎಂದು ಒಮ್ಮೆ ಮೆಟ್ಟಿಲು ಹತ್ತಿ ನೋಡಲಿ.

ಇವುಗಳಲ್ಲಿ ಎಲ್ಲವೂ ಒಂದೇ ವರ್ಷದಲ್ಲಿ ಆಗಲಾರದು ಎಂಬುದು ನನಗೆ ತಿಳಿದಿದೆ. ಅರ್ಜಿಯ ಮೂರು ಅಂಕಣಗಳಿಗೆ ಮಾತ್ರ ಅಷ್ಟು ಕಾಯಬೇಕಾಗಿಲ್ಲ. ಮುಂದಿನ ಪ್ರವೇಶ ಆರಂಭವಾಗುವುದಕ್ಕೆ ಮೊದಲು, ವೇಳಾಪಟ್ಟಿ ಮಾಡುವ ನನ್ನಂಥ ಅಧ್ಯಾಪಕರು ಖಾಲಿ ಹಾಳೆ ತೆಗೆದುಕೊಂಡು ಕೂರುವ ಮೊದಲು, ಆ ಸುತ್ತೋಲೆಯನ್ನು ಹೊರಡಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ರಸಾಯನಶಾಸ್ತ್ರ ಅಧ್ಯಾಪಕ