ರಾಜ್ಯೋತ್ಸವ ಮತ್ತು ಮತದಾರರ ಪಟ್ಟಿ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ.

ನವೆಂಬರ್ 1ರಂದು ಬೆಳಿಗ್ಗೆ 10ಕ್ಕೆ ನಮ್ಮ ಸೊಸೈಟಿಯ ಸಭಾಂಗಣದಲ್ಲಿ ರಾಜ್ಯೋತ್ಸವ. ಭಾಷಣ ಒಂದೇ, ಅದೂ ಚಿಕ್ಕದು. ಉಪಾಹಾರಕ್ಕೆ ಎಷ್ಟು ಜನ ಬರುತ್ತೀರಿ ಎಂದು ಗುರುವಾರದೊಳಗೆ ಇಲ್ಲಿಯೇ ಬರೆಯಿರಿ. ಕಳೆದ ಸಲ ಹೆಸರು ಕೊಡದೆ ಬಂದವರಿಂದ ಉಪ್ಪಿಟ್ಟು ಅರ್ಧಕ್ಕೇ ಮುಗಿದಿತ್ತು.

ಇನ್ನು ಮುಖ್ಯ ವಿಷಯ. ಪುಣೆಗೆ ಬಂದು ಹತ್ತು ವರ್ಷವಾದರೂ ನಮ್ಮಲ್ಲಿ ಹಲವರ ಹೆಸರು ಇನ್ನೂ ಹುಬ್ಬಳ್ಳಿ, ವಿಜಯಪುರದ ಪಟ್ಟಿಯಲ್ಲೇ ಇದೆ. ಎರಡೂ ಕಡೆ ಹೆಸರು ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ವಾಸಸ್ಥಳ ಬದಲಾಗಿದ್ದರೆ ನಮೂನೆ 8 ತುಂಬಿ. ಹೆಸರಿನ ತಪ್ಪು ತಿದ್ದಲೂ ಅದೇ ನಮೂನೆ. ಮರಾಠಿ ಪಟ್ಟಿಯಲ್ಲಿ ನಮ್ಮ ಅಡ್ಡಹೆಸರುಗಳು ಏನೇನೋ ಆಗಿರುತ್ತವೆ, ನನ್ನದನ್ನು ನಾನೇ ಗುರುತಿಸಲಿಲ್ಲ! 18 ತುಂಬಿದ ಮಕ್ಕಳಿಗೆ ನಮೂನೆ 6. ಚುನಾವಣಾ ಆಯೋಗದ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಶುಲ್ಕವಿಲ್ಲದೆ ಮಾಡಬಹುದು, ಏಜೆಂಟರಿಗೆ ಹಣ ಕೊಡಬೇಡಿ. ಸಹಾಯವಾಣಿ 1950.

ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಮತ ಹಾಕಲಾಗದು, ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿದ್ದು ಚೀಟಿ ಕಳೆದಿದ್ದರೆ ಆಧಾರ್, ಪಾನ್ ಕಾರ್ಡ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ ಇವುಗಳಲ್ಲಿ ಯಾವುದಾದರೊಂದು ಸಾಕಾಗುತ್ತದೆ.

ರಾಜ್ಯೋತ್ಸವದ ದಿನ ಉಪಾಹಾರದ ನಂತರ ನಾನು ಲ್ಯಾಪ್‌ಟಾಪ್ ಹಿಡಿದು ಕುಳಿತಿರುತ್ತೇನೆ. ನಮೂನೆ ತುಂಬಲು ತೊಡಕಾಗುವ ಹಿರಿಯರು ಆಧಾರ್, ವಿದ್ಯುತ್ ಬಿಲ್ಲು, ಒಂದು ಭಾವಚಿತ್ರ ತನ್ನಿ; ಒಟಿಪಿ ಬರುವ ಮೊಬೈಲ್ ಮರೆಯಬೇಡಿ. ಆಧಾರ್ ಚಿತ್ರವನ್ನು ಈ ಗುಂಪಿಗೆ ಹಾಕಲೇಬೇಡಿ.

ಸಹಾಯ ಬೇಕಾದವರು ‘ನಮೂನೆ’ ಎಂದು ಉತ್ತರಿಸಿ. ಶುಭೋದಯದ ಹೂವಿನ ಚಿತ್ರಗಳಿಗೆ ಎರಡು ದಿನ ಬಿಡುವು ಕೊಟ್ಟರೆ ಉತ್ತರಗಳು ನನ್ನ ಕಣ್ಣಿಗೆ ಬೀಳುತ್ತವೆ.