275ಆ, 350ಆ ಎಂದು ಕೇಳಿದ ಚೈತ್ರಾಳಿಗೆ

ಹಾಸನ

ಪ್ರೀತಿಯ ಚೈತ್ರಾ,

ದೊಡ್ಡಮ್ಮನ ಆಶೀರ್ವಾದ. ನಿನ್ನ ಮೆಸೇಜ್ ಓದಿದೆ. ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದ್ದು ಅರ್ಧ ಗಂಟೆಯಲ್ಲಿ ಆಲೂರು ಮುಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಮ್ಮನಿಗೆ ನಾನಾಗಿ ಹೇಳುವುದಿಲ್ಲ. ಸ್ತನ ದೊಡ್ಡದು ಮಾಡಿಸುವ ಆಪರೇಷನ್ ಬೇಕಾ ಬೇಡವಾ ಅಂತ ನೀನು ಕೇಳಿಲ್ಲ, ಆ ಉಪದೇಶ ನಾನೂ ಮಾಡುವುದಿಲ್ಲ. ನಿನಗೆ 28 ಆಯಿತು, ದುಡಿಮೆಯೂ ನಿನ್ನದು, ಮೈಯೂ ನಿನ್ನದು. ಥಿಯೇಟರ್ ನರ್ಸ್ ಆಗಿದ್ದವಳು ಅಂತ ನನ್ನನ್ನು ಕೇಳಿದ್ದು ಒಂದೇ: ಸ್ತನದೊಳಗೆ ಇಡುವ ಸಿಲಿಕೋನ್ ಚೀಲ, ಅಂದರೆ ಇಂಪ್ಲಾಂಟ್, 275 ಸಿಸಿ (ಮಿಲಿಲೀಟರ್) ಹಾಕಿಸಲಾ, 350 ಹಾಕಿಸಲಾ?

ಸದ್ಯಕ್ಕೆ ಎರಡೂ ಬೇಡ. ಮೊದಲು ಅಗಲ ಅಳೆಸು. ಸಿಸಿ ಕೊನೆಗೆ ಬರಬೇಕಾದ ಲೆಕ್ಕ, ನೀನು ಅಲ್ಲಿಂದಲೇ ಶುರು ಮಾಡಿದ್ದೀಯ.

ಹೇಗೆ ಅಂತ ಹೇಳುತ್ತೇನೆ. ಸ್ತನ ಎದೆಗೂಡಿನ ಮೇಲೆ ಎಷ್ಟು ಅಗಲ ಕೂತಿದೆ ಅನ್ನುವುದನ್ನು ಸರ್ಜನ್ ಸೆಂಟಿಮೀಟರ್‌ನಲ್ಲಿ ಅಳೆಯುತ್ತಾರೆ. ಇಂಪ್ಲಾಂಟ್ ಆ ಅಗಲದೊಳಗೆ ಕೂರಬೇಕು. ಮೀರಿದರೆ ಒಂದೋ ಕಂಕುಳ ಕಡೆಗೆ ಚಾಚುತ್ತದೆ, ಇಲ್ಲ ಎರಡೂ ನಡುವೆ ಬಂದು ಸೇರಿಕೊಳ್ಳುತ್ತವೆ. ಆಮೇಲೆ ಚರ್ಮ ಎಷ್ಟು ಹಿಗ್ಗುತ್ತದೆ, ಮೇಲ್ಭಾಗದಲ್ಲಿ ಚಿವುಟಿ ಹಿಡಿದರೆ ಎಷ್ಟು ದಪ್ಪ ಸಿಗುತ್ತದೆ ಅಂತ ನೋಡುತ್ತಾರೆ. ಆ ದಪ್ಪ 2 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸ್ನಾಯುವಿನ ಕೆಳಗೆ ಇಡುವ ಮಾತು ಬರುತ್ತದೆ. ಮೇಲೆ ಇಟ್ಟರೆ ಅಂಚು ಕಾಣಬಹುದು, ಸುಕ್ಕು ಕಾಣಬಹುದು. ನೀನು ಕಡ್ಡಿ ಮೈಯವಳು, ಇದನ್ನು ಖಂಡಿತ ಕೇಳು. ಇನ್ನೊಂದು, ನೀನು ಥ್ರೋಬಾಲ್ ಆಡುವವಳು. ಸ್ನಾಯುವಿನ ಕೆಳಗಿಟ್ಟರೆ ಎದೆಯ ಸ್ನಾಯು ಬಿಗಿದಾಗಲೆಲ್ಲ ಇಂಪ್ಲಾಂಟ್ ಸ್ವಲ್ಪ ಜರುಗಿದಂತೆ ಕಾಣಬಹುದು. ಆಡುವ ವಿಷಯ ಡಾಕ್ಟರಿಗೆ ನೀನೇ ಹೇಳಬೇಕು, ಅವರಿಗೆ ಕನಸು ಬೀಳಲ್ಲ.

ಇನ್ನು ಆ 350. ಅದು ನಿನ್ನ ಗೆಳತಿಯ ನಂಬರು. ಅವಳ ಎದೆಗೂಡು ಅಗಲ, ಮೊದಲೇ ಅವಳಿಗೆ ಒಂದಷ್ಟು ಇತ್ತು. ಅದೇ 350 ನಿನ್ನ ಮೈಮೇಲೆ ಬೇರೆ ಥರ ಕಾಣುತ್ತದೆ. ಅಷ್ಟೇ ಅಲ್ಲ, ಒಂದೇ 300 ಸಿಸಿ ಅಗಲವಾಗಿ ಚಪ್ಪಟೆಯಾಗಿಯೂ ಸಿಗುತ್ತದೆ, ಕಿರಿದಾಗಿ ಮುಂದಕ್ಕೆ ಉಬ್ಬಿದ್ದೂ ಸಿಗುತ್ತದೆ. ಇದಕ್ಕೆ ಪ್ರೊಫೈಲ್ ಅನ್ನುತ್ತಾರೆ. ಪ್ರೊಫೈಲ್ ಹೇಳದೆ ಬರೀ ಸಿಸಿ ಹೇಳಿದರೆ ಅರ್ಧ ಮಾತು. ಡಾಕ್ಟರ್ ಹತ್ತಿರ ‘ಸಿ ಕಪ್ ಬೇಕು’ ಅಂತಲೂ ಹೇಳಬೇಡ. 32ಸಿ, 34ಬಿ ಎರಡರ ಕಪ್ಪೂ ಹೆಚ್ಚು ಕಡಿಮೆ ಒಂದೇ ಅಳತೆ, ಮೇಲೆ ಒಂದೊಂದು ಕಂಪನಿ ಒಂದೊಂದು ಥರ ಹೊಲಿಯುತ್ತದೆ. ನಿನ್ನಂಥ ಮೈಕಟ್ಟಿನವರ ಆಪರೇಷನ್ ಮುಂಚಿನ, ನಂತರದ ಫೋಟೋ ತೋರಿಸಿ ಅಂತ ಕೇಳು. ಸಿನಿಮಾದವರ ಫೋಟೋ ಒಯ್ಯಬೇಡ.

275ಕ್ಕೂ 350ಕ್ಕೂ ಇರುವ ವ್ಯತ್ಯಾಸ 75 ಸಿಸಿ. ಅಡುಗೆಮನೆ ಲೆಕ್ಕದಲ್ಲಿ ಐದು ಟೇಬಲ್ ಚಮಚ. 25 ಸಿಸಿ ಆ ಕಡೆ ಈ ಕಡೆ ಅಂತ ನಿದ್ದೆಗೆಡುವವರಿದ್ದಾರೆ. ಅದು ಎರಡು ಚಮಚವೂ ಆಗುವುದಿಲ್ಲ, ಬಟ್ಟೆಯ ಮೇಲೆ ಯಾರಿಗೂ ಗೊತ್ತಾಗಲ್ಲ. ಆದರೆ ಐದು ಚಮಚಕ್ಕಾಗಿ ಅಗಲ ಮೀರಿದರೆ ಅದು ಗೊತ್ತಾಗುತ್ತದೆ, ಈಗಲ್ಲದಿದ್ದರೂ ಹತ್ತು ವರ್ಷದ ಮೇಲೆ. ದೊಡ್ಡದು ಹಾಕಿದಷ್ಟೂ ಚರ್ಮ ಹಿಗ್ಗುತ್ತದೆ, ಒಳಗಿನ ಅಂಗಾಂಶ ತೆಳುವಾಗುತ್ತದೆ, ಭಾರಕ್ಕೆ ಕೆಳಗಿಳಿಯುತ್ತದೆ. ಹಿಗ್ಗಿದ ಚರ್ಮ ಇಂಪ್ಲಾಂಟ್ ತೆಗೆಸಿದ ಮಾತ್ರಕ್ಕೆ ಮೊದಲಿನಂತೆ ಆಗುವುದಿಲ್ಲ.

ಭಾರ ಅಂದೆ. ಸಿಲಿಕೋನ್ ಜೆಲ್ ಸಿಸಿಗೆ ಹೆಚ್ಚು ಕಡಿಮೆ ಒಂದು ಗ್ರಾಂ ತೂಗುತ್ತದೆ. 350ರ ಜೋಡಿ ಅಂದರೆ 700 ಗ್ರಾಂ, ಹಗಲೂ ರಾತ್ರಿ. ಮನೆಯಲ್ಲೇ ಒಂದು ಪ್ರಯೋಗ ಮಾಡು. ಮಿಲಿಲೀಟರ್ ಗೆರೆ ಇರುವ ಜಗ್‌ನಲ್ಲಿ ಅಕ್ಕಿ ಅಳೆದು ತೆಳು ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟು. ರಾಜಮುಡಿನೇ ಆಗಬೇಕಂತಿಲ್ಲ, ರೇಷನ್ ಅಕ್ಕಿ ಸಾಕು. ಪ್ಯಾಡ್ ಇಲ್ಲದ ಬ್ರಾ ಒಳಗೆ ಇಟ್ಟುಕೊಂಡು ಒಂದು ದಿನ 275, ಇನ್ನೊಂದು ದಿನ 350. ಕನ್ನಡಿ ಮುಂದೆ ಐದು ನಿಮಿಷ ನಿಂತು ತೆಗೆಯುವುದಲ್ಲ. ಅಪ್ಪನ ಜೊತೆ ಕಣದಲ್ಲಿ ಕಾಫಿ ಹರಡು, ಸ್ಕೂಟರ್ ಓಡಿಸು, ಮೂಡಿಗೆರೆ ಬಸ್ಸಿನಲ್ಲಿ ನಿಂತು ಹೋಗು, ಬೋರಲು ಮಲಗಿ ನೋಡು. ಅಕ್ಕಿ ಜೆಲ್‌ಗಿಂತ ಸ್ವಲ್ಪ ಹಗುರ, ಮತ್ತೆ ಮೈ ಹೊರಗಿಟ್ಟದ್ದು ಒಳಗಿಟ್ಟದ್ದರ ಹಾಗೇ ಕಾಣುವುದಿಲ್ಲ. ಆದರೂ ನಿನ್ನ ದಿನಕ್ಕೆ ಯಾವುದು ಹೊಂದುತ್ತದೆ ಅಂತ ತಿಳಿಯುತ್ತದೆ. ಆಸ್ಪತ್ರೆಯಲ್ಲೂ ಸೈಜರ್ ಅಂತ, ಬ್ರಾ ಒಳಗೆ ಇಟ್ಟು ನೋಡುವ ಮಾದರಿ, ಇರುತ್ತದೆ, ಬಿಗಿ ಟೀ ಶರ್ಟ್ ಹಾಕಿಕೊಂಡು ಹೋಗಿ ಅದನ್ನೂ ಇಟ್ಟು ನೋಡು.

ಎರಡೂ ಕಡೆ ಒಂದೇ ಸೈಜು ಹಾಕಬೇಕು ಅಂತೇನೂ ಇಲ್ಲ. ಹೆಚ್ಚಿನ ಹೆಂಗಸರಿಗೆ ಒಂದು ಕಡೆ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

ಆಪರೇಷನ್ ಆದ ಹೊಸತರಲ್ಲಿ ಎಲ್ಲ ಮೇಲಕ್ಕೆ, ಬಿಗಿಯಾಗಿ, ಊದಿಕೊಂಡು ಕೂತಿರುತ್ತದೆ. ಕೆಳಗಿಳಿದು ಮೆತ್ತಗಾಗುವುದಕ್ಕೆ ಕೆಲವು ತಿಂಗಳು ಬೇಕು. ಅಷ್ಟರೊಳಗೆ ಕೆಲವರು ‘ಅಯ್ಯೋ ಜಾಸ್ತಿಯಾಯಿತು’ ಅಂತ ಅಳುತ್ತಾರೆ. ಊತ ಇಳಿದ ಮೇಲೆ ‘ಇನ್ನೂ ದೊಡ್ಡದು ಹಾಕಿಸಬೇಕಿತ್ತು’ ಅನ್ನುವವರೂ ಇದ್ದಾರೆ. ಬರೀ ಸೈಜು ಬದಲಾಯಿಸಲು ಮತ್ತೆ ಆಪರೇಷನ್‌ಗೆ ಬರುವವರು ಕಡಿಮೆಯೇನಿಲ್ಲ. ಈಗಲೇ ಅಳತೆಗೆ ಸಮಯ ಕೊಡು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹೇಗೂ ಇದು ಜೀವಮಾನಕ್ಕೆ ಒಂದೇ ಸಲ ಮುಗಿಯುವ ಕೆಲಸ ಅಲ್ಲ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ 2021ರಲ್ಲಿ ಇಂಪ್ಲಾಂಟ್‌ಗಳಿಗೆ ದೊಡ್ಡ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಇವು ಜೀವನಪೂರ್ತಿ ಬಾಳುವ ಸಾಧನಗಳಲ್ಲ, ವರ್ಷ ಕಳೆದಂತೆ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ ಅಂತ. ಸುತ್ತ ಕಟ್ಟುವ ಪೊರೆ ಬಿಗಿದು ಗಟ್ಟಿಯಾಗಬಹುದು, ಇಂಪ್ಲಾಂಟ್ ಒಡೆಯಬಹುದು. ಸಿಲಿಕೋನ್ ಒಡೆದರೆ ಎಷ್ಟೋ ಸಲ ಹೊರಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ 5–6 ವರ್ಷಕ್ಕೆ ಒಮ್ಮೆ, ಆಮೇಲೆ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅನ್ನುತ್ತಾರೆ. ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿ, ಚಂದಕ್ಕೆ ಮಾಡಿಸುವ ಸರ್ಜರಿಗೆ ಇನ್ಶೂರೆನ್ಸ್ ಕೊಡುವುದಿಲ್ಲ. ಒರಟು ಮೇಲ್ಮೈಯವು ಬೇಡ. ಅಲರ್ಗಾನ್ ಕಂಪನಿಯ ಅಂಥವನ್ನು ಲಿಂಫೋಮಾ ಅನ್ನುವ ಅಪರೂಪದ ಒಂದು ಕ್ಯಾನ್ಸರ್ ಕಾರಣಕ್ಕೆ 2019ರಲ್ಲಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡರು. ಕಂಪನಿ, ಸೈಜು, ಸೀರಿಯಲ್ ನಂಬರ್ ಇರುವ ಕಾರ್ಡ್ ಕೊಡುತ್ತಾರೆ, ಅದನ್ನು ಆಧಾರ್ ಜೊತೆ ಇಡು. ಮುಂದೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡುವವರಿಗೂ ಮೊದಲೇ ಹೇಳಬೇಕಾಗುತ್ತದೆ.

ಮಕ್ಕಳ ವಿಷಯ. ಒಂದೆರಡು ವರ್ಷದಲ್ಲಿ ಮದುವೆ, ಮಗು ಅನ್ನುವ ಯೋಚನೆ ಇದ್ದರೆ ಕಾಯುವುದೇ ವಾಸಿ. ಬಸಿರು, ಬಾಣಂತನದಲ್ಲಿ ಸ್ತನದ ಅಳತೆ ಬದಲಾಗುತ್ತದೆ, ಈಗಿನ ಲೆಕ್ಕ ಆಗ ಹೊಂದದೇ ಇರಬಹುದು. ಇಂಪ್ಲಾಂಟ್ ಇದ್ದೂ ಹಾಲುಣಿಸಿದವರು ಬಹಳ ಜನ ಇದ್ದಾರೆ. ಆದರೆ ಮೊಲೆತೊಟ್ಟಿನ ಸುತ್ತ ಕೊಯ್ದರೆ ಹಾಲಿಗೆ ತೊಂದರೆ ಆಗುವ ಸಾಧ್ಯತೆ ಹೆಚ್ಚು. ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ಯಬಹುದಾ ಅಂತ ಕೇಳು.

ಸರ್ಜನ್ ಯಾರೇ ಇರಲಿ, ಬೆಂಗಳೂರೋ ಮಂಗಳೂರೋ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯಾ ನೋಡು. ‘ಕಾಸ್ಮೆಟಿಕ್’ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಟೇಪ್ ಮುಟ್ಟದೆ ಸಿಸಿ ಹೇಳುವವರ ಹತ್ತಿರ ಎರಡನೇ ಸಲ ಹೋಗಬೇಡ. ‘ಇಷ್ಟು ದೊಡ್ಡದು ನಿನಗೆ ಬೇಡಮ್ಮ’ ಅನ್ನುವ ಡಾಕ್ಟರ್ ಮೇಲೆ ಮುನಿಸಿಕೊಳ್ಳಲೂ ಬೇಡ. ಅಂಥವರು ಸಿಕ್ಕರೆ ಪುಣ್ಯ.

ಅಳತೆ ಆದ ಮೇಲೆ ಅಗಲ ಎಷ್ಟು, ಚಿವುಟಿದ ದಪ್ಪ ಎಷ್ಟು, ಯಾವ ಪ್ರೊಫೈಲ್ ಅಂದರು, ಮೂರನ್ನೂ ಬರೆದು ನನಗೆ ಕಳಿಸು. ದಿನ ಗೊತ್ತುಮಾಡಿದರೆ ಮೊದಲೇ ಹೇಳು. ಕೆಲವು ವಾರ ಭಾರ ಎತ್ತುವ ಹಾಗಿಲ್ಲ, ಕೈ ಮೇಲೆತ್ತಿ ಜಡೆ ಹೆಣೆಯುವುದೂ ಮೊದಲ ದಿನಗಳಲ್ಲಿ ಕಷ್ಟ. ಕೊಯ್ಲಿನ ಹೊತ್ತು ಬಿಟ್ಟು ದಿನ ನೋಡು, ನಾನು ಬಂದು ಜೊತೆಗಿರುತ್ತೇನೆ.

ನಿನ್ನ
ದೊಡ್ಡಮ್ಮ