ಆಫ್ರಿಕಾ ಸಫಾರಿ: ಮುಂಗಡ ಕಟ್ಟುವ ಮೊದಲು ಕೇಳಬೇಕಾದದ್ದು

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್ ಕಡೆಯಿಂದ ಕೀನ್ಯಾ, ತಾಂಜಾನಿಯಾಗಳಿಗೆ ವನ್ಯಜೀವಿ ಸಫಾರಿಗೆಂದು ಹೊರಡುವ ಕುಟುಂಬಗಳು ಈಗ ಅಪರೂಪವಲ್ಲ. ಜೀವಮಾನದ ಉಳಿತಾಯದಲ್ಲಿ ದೊಡ್ಡ ಪಾಲನ್ನು ಇದಕ್ಕೆ ಎತ್ತಿಡುವ ನಿವೃತ್ತ ನೌಕರರೂ ಅವರಲ್ಲಿದ್ದಾರೆ. ಆದರೆ ಪ್ರವಾಸ ಏಜೆಂಟರು ಹಂಚುವ ಕರಪತ್ರಗಳಲ್ಲಿ ಸಿಂಹದ ಚಿತ್ರ, ಹೋಟೆಲಿನ ದರ್ಜೆ ಮತ್ತು ಕಂತಿನ ವಿವರ ಇರುತ್ತವೆಯೇ ಹೊರತು ಯಾವ ತಿಂಗಳಲ್ಲಿ ಹೋಗಬೇಕು, ಯಾವ ಲಸಿಕೆ ಹಾಕಿಸಿಕೊಳ್ಳಬೇಕು ಎಂಬ ಮಾತು ಇರುವುದಿಲ್ಲ. ಪ್ರಾಣಿಶಾಸ್ತ್ರ ಕಲಿಸಿದವನೆಂಬ ಕಾರಣಕ್ಕೆ ಅನೇಕರು ನನ್ನನ್ನು ಕೇಳಲು ಬರುತ್ತಾರೆ. ಬಹುಪಾಲು ಜನ ಬರುವುದು ಹಣ ಕಟ್ಟಿದ ಮೇಲೆ. ಅದಕ್ಕಾಗಿ ಈ ಪತ್ರ.

ಮೊದಲು ಋತುವಿನ ವಿಷಯ. ನಮ್ಮಲ್ಲಿ ಶಾಲೆಗಳಿಗೆ ರಜೆ ಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು ನಲವತ್ತು ಡಿಗ್ರಿ ದಾಟಿ ಊರು ಬಿಟ್ಟರೆ ಸಾಕೆನ್ನಿಸುವುದೂ ಆಗಲೇ. ಆದರೆ ಪೂರ್ವ ಆಫ್ರಿಕಾದಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ದೊಡ್ಡ ಮಳೆಗಾಲ. ಕೀನ್ಯಾದ ವನ್ಯಜೀವಿ ಧಾಮವಾದ ಮಸಾಯಿ ಮಾರಾದ ಬಹಳಷ್ಟು ಭಾಗ ನಮ್ಮ ಎರೆಭೂಮಿಯಂಥದೇ ಕಪ್ಪು ಮಣ್ಣು. ಮಳೆ ಹಿಡಿದ ತೊಗರಿ ಹೊಲದಲ್ಲಿ ಟ್ರ್ಯಾಕ್ಟರ್ ಹೂತುಕೊಂಡದ್ದನ್ನು ಕಂಡವರಿಗೆ ಅಲ್ಲಿನ ಜೀಪಿನ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪರಿಚಯದ ಕುಟುಂಬವೊಂದಕ್ಕೆ "ಅಲ್ಲಿ ವರ್ಷವಿಡೀ ಒಂದೇ ಹವೆ" ಎಂದು ಹೇಳಿ ಏಪ್ರಿಲ್ ತಿಂಗಳಿನ ಟಿಕೆಟ್ ಮಾಡಿಸಿದ್ದರು. ಅವರು ಕೆಸರಿನಲ್ಲಿ ಸಿಕ್ಕ ಗಾಡಿಯೊಳಗೆ ಅರ್ಧ ದಿನ ಕುಳಿತರು, ಉಳಿದ ಹೊತ್ತಿನಲ್ಲಿ ಎತ್ತರಕ್ಕೆ ಬೆಳೆದ ಹುಲ್ಲನ್ನೇ ಹೆಚ್ಚಾಗಿ ನೋಡಿ ಬಂದರು. ಮಳೆಗಾಲದಲ್ಲಿ ದರ ಕಡಿಮೆ, ಜನಸಂದಣಿಯೂ ಕಡಿಮೆ ಎಂಬುದು ನಿಜ. ಅದನ್ನು ತಿಳಿದೇ ಆರಿಸಿಕೊಳ್ಳುವುದು ಬೇರೆ, ತಿಳಿಸದೆ ಮಾರುವುದು ಬೇರೆ.

ಹತ್ತು ಲಕ್ಷಕ್ಕೂ ಮಿಕ್ಕಿದ, ದನದಂತೆ ಕಾಣುವ ಹುಲ್ಲೆ ಜಾತಿಯ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಮೇವು, ನೀರು ಹುಡುಕಿ ತಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ಉತ್ತರಕ್ಕೆ ಸಾಗಿ ಮಾರಾ ನದಿಯನ್ನು ದಾಟುವುದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್ ಒಳಗೆ. ಆದ್ದರಿಂದ ಮಕ್ಕಳನ್ನು ಕರೆದೊಯ್ಯುವವರಿಗೆ ಬೇಸಿಗೆ ರಜೆಗಿಂತ ದಸರೆಯ ರಜೆಯೇ ಅನುಕೂಲ. ಕರು ಹಾಕುವ ಕಾಲವನ್ನು ನೋಡಬೇಕೆಂದರೆ ಫೆಬ್ರುವರಿಯಲ್ಲಿ ದಕ್ಷಿಣ ಸೆರೆಂಗೆಟಿಗೆ ಹೋಗಬೇಕು. ಇಂಥ ದಿನವೇ ಹಿಂಡು ನದಿ ದಾಟುತ್ತದೆಂದು ಖಾತ್ರಿ ಕೊಡುವ ಏಜೆಂಟರನ್ನು ನಂಬಬಾರದು. ಮಸಾಯಿ ಮಾರಾದ ಪ್ರವೇಶ ಶುಲ್ಕ 2024ರಿಂದ ವಿದೇಶಿ ವಯಸ್ಕರಿಗೆ ವರ್ಷದ ಮೊದಲ ಆರು ತಿಂಗಳಲ್ಲಿ ದಿನಕ್ಕೆ 100 ಡಾಲರ್, ನಂತರದ ಆರು ತಿಂಗಳಲ್ಲಿ 200 ಡಾಲರ್ ಆಗಿದೆ. ಈ ಮೊತ್ತ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯದೆ ಮುಂಗಡ ಕಟ್ಟಬೇಡಿ.

ಇದಕ್ಕಿಂತ ಗಂಭೀರವಾದದ್ದು ಹಳದಿ ಜ್ವರದ ಲಸಿಕೆ. ಈ ರೋಗ ನಮ್ಮ ದೇಶದಲ್ಲಿಲ್ಲ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹರಡಬಲ್ಲದು, ಆ ಸೊಳ್ಳೆ ನಮ್ಮ ಓಣಿ ಓಣಿಯಲ್ಲಿದೆ. ಆದ್ದರಿಂದಲೇ ಕೀನ್ಯಾ, ಉಗಾಂಡದಂಥ ದೇಶಗಳಿಂದ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ ಅವರನ್ನು ವಿಮಾನ ನಿಲ್ದಾಣದಿಂದಲೇ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಲು ಸರ್ಕಾರಕ್ಕೆ ಅವಕಾಶವಿದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುವುದರಿಂದ ಹೊರಡುವ ವಾರದಲ್ಲಿ ಓಡಾಡಿ ಉಪಯೋಗವಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕಿಸಿಕೊಳ್ಳಬೇಕು. ನಮ್ಮ ಭಾಗದವರು ಸಾಮಾನ್ಯವಾಗಿ ಹೈದರಾಬಾದ್ ಅಥವಾ ಬೆಂಗಳೂರಿಗೆ ಹೋಗುತ್ತಾರೆ. ಒಮ್ಮೆ ಹಾಕಿಸಿಕೊಂಡ ಲಸಿಕೆಯ ಪ್ರಮಾಣಪತ್ರ 2016ರ ಜುಲೈನಿಂದ ಜೀವನಪರ್ಯಂತ ಮಾನ್ಯವಾಗಿದೆ. ಇದು ಜೀವಂತ ವೈರಾಣುವಿನ ಲಸಿಕೆ, ಕೋಳಿ ಮೊಟ್ಟೆಯಲ್ಲಿ ಬೆಳೆಸಿದ್ದು. ಆದ್ದರಿಂದ ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ಅರವತ್ತು ದಾಟಿದವರು ತಮ್ಮ ವೈದ್ಯರೊಂದಿಗೆ ಮಾತನಾಡದೆ ಹಾಕಿಸಿಕೊಳ್ಳಬಾರದು. ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವ ಮಕ್ಕಳು ಟಿಕೆಟ್ಟಿಗೆ ಮೊದಲು ಈ ಮಾತನ್ನು ಮುಗಿಸಿಕೊಳ್ಳಬೇಕು. ಹಳದಿ ಜ್ವರದ ಭಯವಿಲ್ಲದ ದಕ್ಷಿಣ ಆಫ್ರಿಕಾವನ್ನು ಆರಿಸಿಕೊಳ್ಳುವ ದಾರಿಯೂ ಇದೆ.

ಮಲೇರಿಯಾಕ್ಕೆ ಮುಂಜಾಗ್ರತೆಯ ಮಾತ್ರೆಗಳಿವೆ. ಅವನ್ನು ಹೊರಡುವ ಮುನ್ನವೇ ಶುರು ಮಾಡಿ, ಮರಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಊರಿಗೆ ಬಂದು ಕೆಲವು ವಾರಗಳಾದ ಮೇಲೆ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು. ಅಲ್ಲಿ ಹೆಚ್ಚಾಗಿರುವ ಫಾಲ್ಸಿಪ್ಯಾರಂ ಮಲೇರಿಯಾ ತಡ ಮಾಡಿದರೆ ಪ್ರಾಣಕ್ಕೇ ಎರವಾಗುತ್ತದೆ.

ಸಾಮಾನಿನ ಬಗ್ಗೆ ಕೆಲವು ಮಾತು. ನಮ್ಮವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳದೆ ಹೊರಡುವುದಿಲ್ಲ, ಅದೆಲ್ಲ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲೇ ಇರುತ್ತದೆ. ಕೀನ್ಯಾದಲ್ಲಿ ಕ್ಯಾರಿಬ್ಯಾಗ್ 2017ರಿಂದ ನಿಷಿದ್ಧ, ತಾಂಜಾನಿಯಾದಲ್ಲಿ 2019ರಿಂದ; ಬಟ್ಟೆಯ ಚೀಲ, ಸ್ಟೀಲ್ ಡಬ್ಬಿ ಒಯ್ಯಿರಿ. ನೈರೋಬಿಯಲ್ಲಿ ತಲೆಮಾರುಗಳಿಂದ ನೆಲೆಸಿದ ಗುಜರಾತಿಗಳಿದ್ದಾರೆ, ಸಸ್ಯಾಹಾರಕ್ಕೆ ತೊಂದರೆಯಿಲ್ಲ. ನೈರೋಬಿಯಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ನಸುಕಿನ ತೆರೆದ ಗಾಡಿಯಲ್ಲಿ ಸ್ವೆಟರ್ ಇಲ್ಲದೆ ಕೂರಲಾಗದು. ಕಡುನೀಲಿ, ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣಗಳು ಮುತ್ತುತ್ತವೆ, ಕಚ್ಚಿದರೆ ಬಹಳ ನೋವು. ಮಣ್ಣಿನ ಬಣ್ಣದ ಉಡುಪೇ ಮೇಲು. ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾದ ಬದಲು ಆನ್‌ಲೈನ್ ಪ್ರವೇಶ ಅನುಮತಿ ಪಡೆಯಬೇಕಿದ್ದು, ಅರ್ಜಿಯನ್ನು ಆ ಸರ್ಕಾರದ ಜಾಲತಾಣದಲ್ಲೇ ಹಾಕಬೇಕು.

ಕೊನೆಯದಾಗಿ, ಗಾಡಿಯೊಳಗಿನ ನಡವಳಿಕೆ. ಮಾರಾದಲ್ಲಿ ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದೆಂಬ ನಿಯಮವಿದೆ. ಅದನ್ನು ಮುರಿಯುವುದು ಹೆಚ್ಚಾಗಿ ಚಾಲಕನ ದುರಾಸೆಯಿಂದಲ್ಲ, "ಇನ್ನಷ್ಟು ಹತ್ತಿರ ಒಯ್ಯಿ, ಫೋಟೋ ಬರಲಿ" ಎಂದು ಹಿಂದಿನಿಂದ ಒತ್ತಾಯಿಸಿ ಟಿಪ್ಸ್ ತೋರಿಸುವ ನಮ್ಮಂಥವರಿಂದ. ಅಲ್ಲಿನ ಚೀತಾಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪ್ರವಾಸಿಗರು ಕಡಿಮೆಯಿರುವ ಕಡೆ ಒಂದು ತಾಯಿ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ಸಾಕಿ ಬೆಳೆಸುತ್ತದೆ. ವಾಹನಗಳು ಮುತ್ತುವ ಕಡೆ ಆ ಸರಾಸರಿ 0.2ರಷ್ಟಕ್ಕೆ ಇಳಿಯುತ್ತದೆ. ಚೀತಾ ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ, ನಾವು ಹಗಲಿನಲ್ಲೇ ಅದನ್ನು ಸುತ್ತುವರಿಯುತ್ತೇವೆ. ಇದನ್ನು ಓದಿದಾಗಿನಿಂದ ನನಗೆ ತುಂಬಾ ಸಂಕಟವಾಗಿದೆ. ಹೋಗುವವರು ಒಂದು ಒಳ್ಳೆಯ ದುರ್ಬೀನು ಒಯ್ಯಲಿ. ದೂರದಿಂದಲೇ ನೋಡುತ್ತೇವೆ, ಹತ್ತಿರ ಒಯ್ಯುವುದು ಬೇಡ ಎಂದು ಮೊದಲ ದಿನವೇ ಚಾಲಕನಿಗೆ ಹೇಳಿಬಿಡಲಿ, ಟಿಪ್ಸನ್ನು ಅದಕ್ಕಾಗಿಯೇ ಕೊಡಲಿ.

ಇಂತಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಕಲಬುರಗಿ